ನಿಷೇಧವೂ ಒತ್ತಡದ ತೆರವೂ

ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿಕೊಂಡ ವಿಡಿಯೊ ಒಂದು ಕಾಣೆಯಾದರೆ ಸಾಕು, ‘ಸರ್ಕಾರ ನಿಷೇಧಿಸಿದೆ’ ಎಂಬ ಒಕ್ಕಣೆ ಡೊಂಬಿವಲಿಯಿಂದ ಮಾಟುಂಗದವರೆಗೆ ಹರಿದಾಡುತ್ತದೆ. ಪತ್ರಿಕೆಗಳ ತಲೆಬರಹಗಳಲ್ಲಿಯೂ ಅದೇ ಪದ. ಆದೇಶವೇ ಹೊರಡದ ಕಡೆಯಲ್ಲಿಯೂ ಹೀಗೆ ಬರೆಯುತ್ತಾ ಹೋದರೆ, ನಿಜವಾಗಿ ನಡೆದದ್ದು ಯಾರ ಗಮನಕ್ಕೂ ಬರುವುದಿಲ್ಲ.

‘ಸಿಧ್’ ಧಾತುವಿಗೆ ‘ನಿ’ ಉಪಸರ್ಗ ಸೇರಿ ಬಂದ ನಿಷೇಧಕ್ಕೆ ತಡೆಯುವುದು, ಹಿಮ್ಮೆಟ್ಟಿಸುವುದು ಎಂಬ ಅರ್ಥವಿದೆ. ಆದರೆ ಈ ಪದಕ್ಕೆ ತೂಕ ಬಂದದ್ದು ವೇದವಾಕ್ಯಗಳ ಅರ್ಥ ನಿರ್ಣಯಿಸುತ್ತಿದ್ದ ಮೀಮಾಂಸಕರಿಂದ. ‘ಮಾಡು’ ಎನ್ನುವ ವಾಕ್ಯ ವಿಧಿ, ‘ಮಾಡಬೇಡ’ ಎನ್ನುವ ವಾಕ್ಯ ನಿಷೇಧ. ‘ನ ಕಲಂಜಂ ಭಕ್ಷಯೇತ್’, ಎಂದರೆ ಕಲಂಜವನ್ನು ತಿನ್ನಬಾರದು ಎಂಬುದು ಅವರ ಹಳೆಯ ಉದಾಹರಣೆ. ಕಲಂಜವೆಂದರೆ ಏನು ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ, ಆದರೂ ವಾಕ್ಯ ಕಣ್ಣೆದುರಿಗಿರುವುದರಿಂದಲೇ ಅವರಿಗೆ ವಾದ ಹೂಡಲು ಸಾಧ್ಯವಾಯಿತು. ವಾಕ್ಯವಿಲ್ಲದ ಕಡೆ ನಿಷೇಧವೂ ಇಲ್ಲ.

ಅಂತರ್ಜಾಲದಲ್ಲಿರುವುದನ್ನು ಜನರಿಗೆ ಸಿಗದಂತೆ ತಡೆಯಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ನಿನಡಿ ಸರ್ಕಾರ ಹೊರಡಿಸುವ ಆದೇಶ ಈ ಅರ್ಥದಲ್ಲಿ ನಿಷೇಧವೇ. ಸಾರ್ವಭೌಮತ್ವ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾಗಿ ಕಾಯ್ದೆ ಎಣಿಸಿ ಹೇಳಿದ ಕಾರಣಗಳಲ್ಲಿ ಒಂದಾದರೂ ಇರಬೇಕು, ಅದು ಬರಹದಲ್ಲಿ ದಾಖಲಾಗಬೇಕು, ತುರ್ತು ಸಂದರ್ಭವನ್ನು ಬಿಟ್ಟರೆ 2009ರ ನಿಯಮಗಳಂತೆ ಸಮಿತಿಯೊಂದು ಅದನ್ನು ಮೊದಲೇ ಪರಿಶೀಲಿಸಬೇಕು. ಅಧಿಕಾರಿಯೊಬ್ಬರಿಗಾದ ಮುಜುಗರ ಆ ಕಾರಣಗಳಲ್ಲಿ ಸೇರಿಲ್ಲ. ಅದೇ ನಿಯಮಗಳು ಗೋಪ್ಯತೆಯನ್ನೂ ವಿಧಿಸುವುದರಿಂದ ತಡೆಗೊಳಗಾದ ಬರಹವನ್ನು ಬರೆದವರ ಕೈಗೆ ಆದೇಶದ ಪ್ರತಿ ಸಿಗುವುದೇ ಕಷ್ಟ ಎಂಬುದು ಬೇರೆಯೇ ಅನ್ಯಾಯ.

ಇನ್ನೊಂದು ದಾರಿಯಲ್ಲಿ ಈ ಯಾವುದೂ ಬೇಕಿಲ್ಲ. ಬಳಕೆದಾರರು ಬರೆದದ್ದಕ್ಕೆ ಜಾಲತಾಣವನ್ನು ಹೊಣೆ ಮಾಡದಂತೆ ಅದೇ ಕಾಯ್ದೆಯ 79ನೆಯ ಸೆಕ್ಷನ್ ರಕ್ಷಣೆ ಕೊಡುತ್ತದೆ. ಕಾನೂನುಬಾಹಿರ ವಿಷಯವಿದೆಯೆಂದು ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ ಎನ್ನುತ್ತದೆ ಅದರ 3(ಬಿ) ಉಪವಿಭಾಗ. ಅಪರಿಚಿತರೊಬ್ಬರ ಎರಡು ನಿಮಿಷದ ವಿಡಿಯೊಗಾಗಿ ಯಾವ ಕಂಪನಿಯೂ ಮೊಕದ್ದಮೆಯನ್ನು ಮೈಮೇಲೆ ಎಳೆದುಕೊಳ್ಳುವುದಿಲ್ಲವಾದ್ದರಿಂದ, ಕಾನೂನಿನ ಪ್ರಕಾರ ಯಾವ ತಪ್ಪೂ ಇಲ್ಲದ ಬರಹವೂ ಅಳಿಸಿಹೋಗುತ್ತದೆ. ಬರೆದವರು ಪ್ರಶ್ನಿಸಿದರೆ ‘ತೆಗೆದದ್ದು ಕಂಪನಿ’ ಎಂದು ಸರ್ಕಾರ ಹೇಳಬಹುದು, ‘ಸರ್ಕಾರ ಕೇಳಿತು’ ಎಂದು ಕಂಪನಿ ಹೇಳಬಹುದು. ಇದಕ್ಕೆ ಒತ್ತಡದ ತೆರವು ಎಂಬ ಹೆಸರು ಸಲ್ಲುತ್ತದೆ. ಅಮೆರಿಕದವರು ಇದನ್ನು ಜಾಬೋನಿಂಗ್ ಎನ್ನುತ್ತಾರೆ. ಅಲ್ಲಿಯ ರೋಡ್ ಐಲೆಂಡ್ ರಾಜ್ಯದ ಆಯೋಗವೊಂದು ಪುಸ್ತಕ ವಿತರಕರಿಗೆ ‘ಸಲಹೆ’ಯ ಪತ್ರ ಬರೆಯುತ್ತಿತ್ತು, ಪತ್ರದ ಹಿಂದೆಯೇ ಪೊಲೀಸರು ಬಂದು ವಿಚಾರಿಸುತ್ತಿದ್ದರು, 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದಿತು.

ನಮ್ಮ ಪಕ್ಕದ ಪಾಲ್ಘರ್‌ನಲ್ಲಿ 2012ರಲ್ಲಿ ಫೇಸ್‌ಬುಕ್ ಬರಹವೊಂದಕ್ಕಾಗಿ ಇಬ್ಬರು ಯುವತಿಯರ ಬಂಧನವಾದ ಬಳಿಕ ಆರಂಭವಾದ ಮೊಕದ್ದಮೆಯಲ್ಲಿ, ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಅದೇ ಕಾಯ್ದೆಯ 66ಎ ಸೆಕ್ಷನ್ನನ್ನು ನಮ್ಮ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಗೊಳಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ತೀರ್ಪು 79(3)(ಬಿ)ಯನ್ನು ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆಗೆ, ಅದೂ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಸಂವಿಧಾನದ 19(2)ನೆಯ ವಿಧಿ ಒಪ್ಪುವ ಕಾರಣಗಳಿಗೆ ಮಾತ್ರ ಸೀಮಿತಗೊಳಿಸಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಕೇಂದ್ರದ ಆಡಳಿತದ ಬಗ್ಗೆ ಬರೆದದ್ದನ್ನು ಕೇಂದ್ರದ ಘಟಕವೇ ‘ಸುಳ್ಳು’ ಎಂದು ಗುರುತಿಸಲು ಅವಕಾಶ ಕೊಟ್ಟ, ಮಾಹಿತಿ ತಂತ್ರಜ್ಞಾನ ನಿಯಮಗಳ 2023ರ ತಿದ್ದುಪಡಿಯನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಗೊಳಿಸಿತು. ಆ ನಿಯಮವೂ ‘ತೆಗೆಯಿರಿ’ ಎಂದು ನೇರವಾಗಿ ಆಜ್ಞಾಪಿಸದೆ, ರಕ್ಷಣೆ ತಪ್ಪುವ ಭಯದಿಂದಲೇ ಕೆಲಸ ಸಾಧಿಸುವಂಥದ್ದಾಗಿತ್ತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, 79(3)(ಬಿ) ಸೂಚನೆಗಳನ್ನು ರವಾನಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ವಜಾಗೊಳಿಸಿತು. ಆ ಪೋರ್ಟಲ್ ಮೂಲಕ ಹೋದ ಸೂಚನೆಯಿಂದ ಅಳಿಸಿದ ಬರಹದ ಬಗ್ಗೆ ಸುದ್ದಿ ಬರೆಯುವವರು ಸೂಚನೆ ಕೊಟ್ಟ ಇಲಾಖೆ ಯಾವುದು, ಉಲ್ಲೇಖಿಸಿದ ಸೆಕ್ಷನ್ ಯಾವುದು, ಬರೆದವರಿಗೆ ತಿಳಿಸಲಾಗಿತ್ತೇ ಎಂಬ ಮೂರನ್ನು ಬರೆದರೆ ಸಾಕು. ‘ನಿಷೇಧ’ ಎಂಬ ಪದ ಅಲ್ಲಿ ಬೇಕಾಗುವುದಿಲ್ಲ.