ಸಾಲು ಸೋಲು: ತಾನಾಗಿ ಬರುವುದೆಷ್ಟು, ನಾವು ಸೇರಿಸುವುದೆಷ್ಟು

ನಿನ್ನೆ ಸೊಗಸಾಗಿ ಆಡಿದವರು ಇವತ್ತು ಕಣ್ಣೆದುರಿನ ಕುದುರೆಯನ್ನೇ ಬಿಟ್ಟುಕೊಡುತ್ತಾರೆ. ಚೆಸ್ ಕಲಿಯುವ ಎಲ್ಲರಿಗೂ ಇದು ಆಗುತ್ತದೆ. ಮೂರು ಆಟ ಸೋತರೆ ಸಾಕು, ‘ನನ್ನ ಆಟವೇ ಕೆಟ್ಟುಹೋಯಿತು’ ಅನ್ನಿಸಿಬಿಡುತ್ತದೆ. ಈ ಮಾತು ಎಷ್ಟು ನಿಜ ಅಂತ ಮೊದಲು ಲೆಕ್ಕ ಹಾಕಿ ನೋಡೋಣ.

ರೇಟಿಂಗ್, ಅಂದರೆ ಆಟಗಾರನ ಬಲ ಹೇಳುವ ಅಂಕ, ಒಂದು ಸರಾಸರಿ. ಅರ್ಪಾದ್ ಎಲೋ ರೂಪಿಸಿದ ಈ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಆಟಗಾರನ ಮಟ್ಟ ಆಟದಿಂದ ಆಟಕ್ಕೆ ಏರಿಳಿಯುತ್ತದೆ ಅಂತ ಎಲೋ ಶುರುವಿನಲ್ಲೇ ಹಿಡಿದಿದ್ದರು. ಆ ಏರಿಳಿತಕ್ಕೆ ಅವರಿಟ್ಟ ಅಳತೆ 200 ಅಂಕ. ಅವರ ಲೆಕ್ಕದಲ್ಲಿ 1500 ರೇಟಿಂಗ್ ಇರುವವರು ಸುಮಾರು ಮೂರರಲ್ಲಿ ಎರಡು ಆಟವನ್ನು 1300ರಿಂದ 1700ರ ನಡುವಿನ ಮಟ್ಟದಲ್ಲಿ ಆಡುತ್ತಾರೆ. ಮಿಕ್ಕ ಆಟಗಳು ಅದಕ್ಕಿಂತಲೂ ಮೇಲೆ, ಇಲ್ಲವೇ ಕೆಳಗೆ. ಅಂದರೆ ಒಂದೇ ಸಮ ಆಡದಿರುವುದು ನಿಮ್ಮೊಬ್ಬರ ದೋಷವಲ್ಲ. ರೇಟಿಂಗ್ ಕಟ್ಟಿರುವುದೇ ಅದರ ಮೇಲೆ.

ಈಗ ಸಾಲು ಸೋಲಿಗೆ ಬರೋಣ. ನಿಮ್ಮಷ್ಟೇ ಬಲದವರ ಜೊತೆ ಆಡುತ್ತಿದ್ದೀರಿ, ಡ್ರಾ ಇಲ್ಲ ಅಂದುಕೊಳ್ಳಿ. ಐದು ಆಟ ಆಡಿ ಐದನ್ನೂ ಸೋಲುವ ಸಾಧ್ಯತೆ 32ರಲ್ಲಿ 1. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ನಾವು ಐದೇ ಆಟ ಆಡಿ ಸುಮ್ಮನಾಗುವುದಿಲ್ಲ. ನೂರು ಆಟ ಆಡಿದರೆ, ಅದರಲ್ಲಿ ಎಲ್ಲೋ ಒಂದು ಕಡೆ ಸತತ ಐದು ಸೋಲು ಸಿಗುವ ಸಾಧ್ಯತೆ ಶೇ. 80ರಷ್ಟಿದೆ. ಆಟ ಒಂದಿಷ್ಟೂ ಕೆಡದೆ, ಬರೀ ನಾಣ್ಯ ಚಿಮ್ಮಿದ ಹಾಗೆ ಬರುವ ಸೋಲುಗಳಿವು.

ಅಂಕ ಎಷ್ಟು ಹೋಗುತ್ತದೆ? ಫಿಡೆಯಲ್ಲಿ ಬದಲಾವಣೆಯ ಗುಣಕ (ಒಂದು ಆಟಕ್ಕೆ ಹೆಚ್ಚೆಂದರೆ ಎಷ್ಟು ಅಂಕ ಬದಲಾಗಬಹುದು ಅನ್ನುವುದು) 20 ಇರುವವರು ಸಮಬಲದವರ ಎದುರು ಸೋತರೆ 10 ಅಂಕ ಕಳೆದುಕೊಳ್ಳುತ್ತಾರೆ. ಐದು ಸೋಲಿಗೆ ಹತ್ತಿರ ಹತ್ತಿರ 50. ಆದರೆ 50 ಅಂಕದ ಅಂತರ ಅಂದರೆ, ಇಬ್ಬರು ನೂರು ಆಟ ಆಡಿದಾಗ ಒಬ್ಬರಿಗೆ 57, ಇನ್ನೊಬ್ಬರಿಗೆ 43 ಬರುವಷ್ಟು ವ್ಯತ್ಯಾಸ ಮಾತ್ರ. ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ, ಹಲಗೆಯ ಮೇಲೆ ಗುರುತು ಹಿಡಿಯುವುದೂ ಕಷ್ಟ.

ಹಾಗಾದರೆ ಚಿಂತೆಯೇ ಬೇಡವೇ? ಬೇಕು, ಆದರೆ ಬೇರೆ ಕಡೆ. ಮೊದಲ ಎರಡು ಮೂರು ಸೋಲು ತಾವಾಗಿ ಬರಬಹುದು. ಅದರ ಮುಂದಿನವನ್ನು ಎಷ್ಟೋ ಸಲ ನಾವೇ ಸೇರಿಸುತ್ತೇವೆ.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು 2021ರ ದುಬೈ ವಿಶ್ವ ಚಾಂಪಿಯನ್‌ಶಿಪ್. ಮೊದಲ ಐದು ಆಟ ಡ್ರಾ. ಆರನೆಯದರಲ್ಲಿ 136 ನಡೆಗಳ ಹೋರಾಟದ ಕೊನೆಗೆ ಇಯಾನ್ ನೆಪೊಮ್ನಿಯಾಚಿ, ಆಗಿನ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್‌ಗೆ ಸೋತರು. ಆಮೇಲೆ ನಡೆದದ್ದು ನೋಡಿ. ಎಂಟನೆಯ ಆಟದಲ್ಲಿ ಒಂದು ಪಾನ್ (ಕಾಲಾಳು) ಸುಮ್ನೆ ಹೋಯಿತು. ಒಂಬತ್ತರಲ್ಲಿ ತಮ್ಮದೇ ಬಿಷಪ್ ಸಿಕ್ಕಿಹಾಕಿಕೊಳ್ಳುವಂತೆ ನಡೆ ಇಟ್ಟರು. ಹನ್ನೊಂದನ್ನೂ ಸೋತರು. ಕೊನೆಗೆ 7.5–3.5. ಅವರ ಮಟ್ಟದವರ ಕಣ್ಣಿಗೆ ಬೀಳದಂಥ ತಪ್ಪುಗಳಲ್ಲ ಅವು. ಆರನೆಯ ಆಟದ ಭಾರ ಮುಂದಿನ ಆಟಗಳಲ್ಲೂ ಕೂತಿತ್ತು ಅಂತಲೇ ನಾನು ಓದಿಕೊಳ್ಳುತ್ತೇನೆ. ಮರುವರ್ಷ, ಚಾಂಪಿಯನ್ನರ ಎದುರಾಳಿಯನ್ನು ಆರಿಸುವ ಟೂರ್ನಿಯಾದ ಮ್ಯಾಡ್ರಿಡ್‌ನ ಕ್ಯಾಂಡಿಡೇಟ್ಸ್‌ನಲ್ಲಿ ಅದೇ ನೆಪೊಮ್ನಿಯಾಚಿ ಒಂದೂ ಸೋಲದೆ 14ಕ್ಕೆ 9.5 ಅಂಕ ಪಡೆದು ಗೆದ್ದರು. ಅವರ ಚೆಸ್ ಎಲ್ಲೂ ಹೋಗಿರಲಿಲ್ಲ.

ನಮ್ಮ ಮಟ್ಟದಲ್ಲಿ ಈ ಭಾರ ಹೇಗೆ ಕಾಣುತ್ತದೆ ಅಂದರೆ, ಸೋತ ತಕ್ಷಣ ‘ಇನ್ನೊಂದು ಆಟ’ ಒತ್ತುತ್ತೇವೆ. ಹೋದ ಅಂಕ ಇವತ್ತೇ ವಾಪಸ್ ಬೇಕು. ನಡೆ ಬೇಗ ಬರುತ್ತದೆ. ಎದುರಾಳಿಯ ನಡೆ ಯಾಕೆ ಬಂತು ಅಂತ ಕೇಳುವುದೇ ಇಲ್ಲ. ಇಲ್ಲಿ ಗಡಿಯಾರ ಒಳ್ಳೆಯ ಸಾಕ್ಷಿ. ಹತ್ತು ನಿಮಿಷದ ಆಟದಲ್ಲಿ ಏಳು ನಿಮಿಷ ಉಳಿಸಿಕೊಂಡು ಸೋತಿದ್ದರೆ, ಆ ಸೋಲಿಗೆ ಓಪನಿಂಗ್ (ಆಟದ ಶುರುವಿನ ನಡೆಗಳು) ಕಾರಣವಲ್ಲ, ಅವಸರ ಕಾರಣ. ನಾನು ಪಾಲಿಸುವ ನಿಯಮ ಒಂದೇ: ಸತತ ಎರಡು ಸೋತರೆ ಅವತ್ತಿಗೆ ರೇಟಿಂಗ್ ಆಟ ಮುಗಿಯಿತು. ಪಜಲ್ ಬಿಡಿಸಬಹುದು, ಎಂಡ್‌ಗೇಮ್ ಓದಬಹುದು, ಏನೂ ಮಾಡದೆಯೂ ಇರಬಹುದು. 2024ರ ಟೊರೊಂಟೊ ಕ್ಯಾಂಡಿಡೇಟ್ಸ್‌ನ ಏಳನೇ ಸುತ್ತಿನಲ್ಲಿ ಗುಕೇಶ್, ಅಲಿರೆಜಾ ಫಿರೂಜಾ ಎದುರು ಸೋತರು. ನೋವಿನ ಸೋಲು ಅದು. ಮರುದಿನ ಬಿಡುವಿತ್ತು. ಆ ದಿನ ತನ್ನ ಮನಸ್ಸು ತುಂಬಾ ಚೆನ್ನಾಗಿತ್ತು ಅಂತ ಅವರೇ ಆಮೇಲೆ ಹೇಳಿದ್ದಾರೆ. ಉಳಿದ ಏಳು ಸುತ್ತಿನಲ್ಲಿ ಒಂದನ್ನೂ ಸೋಲದೆ ಟೂರ್ನಿ ಗೆದ್ದರು. ನಮಗೆ ಬಿಡುವಿನ ದಿನವನ್ನು ಯಾರೂ ಗೊತ್ತುಮಾಡಿ ಕೊಡುವುದಿಲ್ಲ, ನಾವೇ ಇಟ್ಟುಕೊಳ್ಳಬೇಕು.

ಸೋಲುತ್ತಿರುವಾಗ ಓಪನಿಂಗ್ ಬದಲಿಸಬೇಡಿ. ಗೊತ್ತಿಲ್ಲದ ಸ್ಥಾನಗಳು ಜಾಸ್ತಿಯಾಗುತ್ತವೆ, ಅಷ್ಟೇ.

ಇನ್ನು ಸೋತ ಆಟಗಳನ್ನು ನೋಡುವ ಕೆಲಸ. ಅದೇ ರಾತ್ರಿ ಬೇಡ, ಮರುದಿನ ನೋಡಿ. ಎಂಜಿನ್ (ಸರಿಯಾದ ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕುವ ಮೊದಲು, ಆಟ ಯಾವ ನಡೆಯಲ್ಲಿ ತಿರುಗಿತು ಅಂತ ನೀವೇ ಗುರುತಿಸಿ. ಆ ನಡೆ ಇಡುವಾಗ ಏನು ಯೋಚಿಸುತ್ತಿದ್ದಿರಿ ಅಂತ ಒಂದು ಸಾಲು ಬರೆಯಿರಿ. ‘ದಾಳಿ ಮಾಡುತ್ತಿದ್ದೆ, ನನ್ನ ರಾಜನ ಕಡೆ ನೋಡಲಿಲ್ಲ’, ‘ಒಂದು ಪಾನ್ ಜಾಸ್ತಿ ಇತ್ತು, ಗೆದ್ದೆ ಅಂದುಕೊಂಡೆ’, ಹೀಗೆ. ಎಂಜಿನ್ ಸರಿಯಾದ ನಡೆ ತೋರಿಸುತ್ತದೆ, ಆದರೆ ನಿಮ್ಮ ತಲೆಯಲ್ಲಿ ಏನಿತ್ತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಹತ್ತು ಸೋಲಿಗೆ ಹತ್ತು ಸಾಲು ಆದಮೇಲೆ ಒಟ್ಟಿಗೆ ಓದಿ. ಹತ್ತೂ ಬೇರೆ ಬೇರೆ ಇದ್ದರೆ ಅದು ಏರಿಳಿತ, ಆಡುತ್ತಾ ಹೋಗಿ. ಒಂದೇ ಮಾತು ನಾಲ್ಕೈದು ಸಲ ಬಂದಿದ್ದರೆ, ಮುಂದಿನ ಎರಡು ವಾರ ಅದನ್ನೇ ಅಭ್ಯಾಸ ಮಾಡಿ.