ಒಂದು ಬಾಟಲಿಯಲ್ಲಿ ಒಂದು ಬಾಳೆಹಣ್ಣು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ದಾಟಿ ಆಗುಂಬೆ ದಾರಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಎಪ್ಪತ್ತು ದಾಟಿದ ಅಮ್ಮ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರಿಗೂ ಹಬ್ಬಿತ್ತು. ಜಗಲಿ ಹತ್ತುವಾಗಲೇ ಒಳಗಿನ ಗೊರಗೊರ ಉಸಿರು ಕೇಳಿಸಿತು. ಕೋಣೆಯಲ್ಲಿ ಕೊಡೆ ನೇತುಹಾಕುವ ಮೊಳೆಗೆ ಗ್ಲೂಕೋಸ್ ಬಾಟಲಿ ತೂಗುತ್ತಿತ್ತು. ಅದು ಆ ದಿನದ ಮೂರನೆಯದಂತೆ. ಕೈ ಎಷ್ಟು ಬಾತಿತ್ತೆಂದರೆ ಬಳೆ ಚರ್ಮದೊಳಗೆ ಹೂತು ಹೋಗಿತ್ತು. ಮಗ ಪೇಟೆಯಿಂದ ಕಾಂಪೌಂಡರನ್ನು ಬೈಕಿನಲ್ಲಿ ಕೂರಿಸಿಕೊಂಡು, ಆ ಮಳೆಯಲ್ಲಿ, ಹದಿನೆಂಟು ಕಿಲೋಮೀಟರ್ ಬಂದು ಹಾಕಿಸಿದ್ದರು. "ನಿಲ್ಲಿಸ್ಬೇಡಿ ಡಾಕ್ಟ್ರೇ. ಅಮ್ಮ ಹಸ್ಕೊಂಡು ಹೋಗೂದು ಬೇಡ" ಅಂದರು.

ಮನೆಮನೆಗೆ ಹೋಗಿ ಉಪಶಾಮಕ ಆರೈಕೆ, ಅಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ, ಮಾಡುವ ಕೆಲಸದಲ್ಲಿ ನಾನು ಹೆಚ್ಚು ಸಲ ಸೋತಿರುವುದು ಈ ಬಾಟಲಿಯ ಮುಂದೆ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬಗ್ಗೆ ಇದ್ದ ಹೆದರಿಕೆ ನಿಧಾನಕ್ಕೆ ಇಳಿಯುತ್ತಿದೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಔಷಧಿ ತರಿಸುವ ಕಷ್ಟವೂ ಅಷ್ಟಿಷ್ಟು ಕಡಿಮೆಯಾಗಿದೆ. ಆದರೆ "ಒಂದು ಬಾಟ್ಲಿ ಹಾಕ್ಸಿಬಿಡಿ" ಎನ್ನುವ ಮಾತು ಇದ್ದಲ್ಲೇ ಇದೆ. ಓದಿದವರು, ಓದದವರು, ಬ್ಯಾಂಕಿನವರು, ಮೇಷ್ಟ್ರು, ತೋಟದವರು ಎಲ್ಲರೂ ಇದನ್ನೇ ಹೇಳುತ್ತಾರೆ. ನಮ್ಮ ವೃತ್ತಿಯವರಲ್ಲೇ ಕೆಲವರು ತಮ್ಮ ತಂದೆತಾಯಿಯ ವಿಷಯಕ್ಕೆ ಬಂದಾಗ ಇದೇ ಮಾತು ಆಡಿದ್ದನ್ನು ಕೇಳಿದ್ದೇನೆ. ಹಾಗಾಗಿ ಇವತ್ತು ಬೇರೇನನ್ನೂ ಹೇಳದೆ ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಬಾಟಲಿಯೊಳಗೆ ಏನಿದೆ ಎಂದು ನೋಡೋಣ. ಸಾಮಾನ್ಯವಾಗಿ ಹಾಕುವುದು ಅರ್ಧ ಲೀಟರಿನ ಶೇಕಡಾ 5ರ ಡೆಕ್ಸ್‌ಟ್ರೋಸ್. ಅಂದರೆ 500 ಮಿಲಿ ನೀರಿನಲ್ಲಿ 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ. ಒಂದು ಬಾಳೆಹಣ್ಣಿನಲ್ಲಿ ಇರುವುದೂ ಸುಮಾರು ಅಷ್ಟೇ. ಅದರಲ್ಲಿ ಪ್ರೋಟೀನ್ ಇಲ್ಲ, ಕೊಬ್ಬಿಲ್ಲ, ವಿಟಮಿನ್ ಇಲ್ಲ. ಡಿಎನ್‌ಎಸ್ ಬಾಟಲಿಯಾದರೆ ಅದೇ ಸಕ್ಕರೆಯ ಜೊತೆಗೆ ನಾಲ್ಕೂವರೆ ಗ್ರಾಂ ಉಪ್ಪು. ಅರಿಸಿನ ಬಣ್ಣದ ವಿಟಮಿನ್ ಇಂಜೆಕ್ಷನ್ ಒಂದನ್ನು ಅದಕ್ಕೆ ಸೇರಿಸಿದರೆ ಬಾಟಲಿ ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ, ಲೆಕ್ಕ ಬದಲಾಗುವುದಿಲ್ಲ. ಇದು ಊಟವಲ್ಲ. ಮೂರು ಬಾಟಲಿ ಹಾಕಿಸಿದ ಆ ಮಗ ಅಮ್ಮನಿಗೆ ಕೊಟ್ಟದ್ದು ಮೂರು ಬಾಳೆಹಣ್ಣು ಮತ್ತು ಒಂದೂವರೆ ಲೀಟರ್ ನೀರು.

ಆ ನೀರು ಹೋಗುವುದೆಲ್ಲಿಗೆ? ತೊಂದರೆ ಶುರುವಾಗುವುದು ಇಲ್ಲಿಂದ. ಗಟ್ಟಿ ಇರುವ ದೇಹದಲ್ಲಿ ರಕ್ತನಾಳದ ನೀರನ್ನು ಒಳಗೇ ಹಿಡಿದಿಡುವುದು ಆಲ್ಬುಮಿನ್ ಎಂಬ ಪ್ರೋಟೀನ್. ಅದನ್ನು ಮಾಡುವುದು ಲಿವರ್. ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ಲಿವರ್ ಅದನ್ನು ಮಾಡುವುದನ್ನು ಕಡಿಮೆ ಮಾಡುತ್ತದೆ, ಕಿಡ್ನಿ ನೀರನ್ನು ಹೊರಹಾಕುವುದನ್ನು ಕಡಿಮೆ ಮಾಡುತ್ತದೆ, ಹೃದಯ ಸೋಲುತ್ತಿರುತ್ತದೆ. ತೂತು ಬಿದ್ದ ಚರಿಗೆಗೆ ನೀರು ಹೊಯ್ದ ಹಾಗೆ, ನಾಳಕ್ಕೆ ಬಿಟ್ಟದ್ದು ಪಕ್ಕದಿಂದ ಸೋರಿ ಕೈಗೆ, ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಜಗಲಿಯವರೆಗೆ ಕೇಳಿಸಿದ ಆ ಗೊರಗೊರ ಶಬ್ದ ಸಾಯುವ ಹೊತ್ತಿನಲ್ಲಿ ಬಾಟಲಿ ಇಲ್ಲದೆಯೂ ಬರಬಹುದು, ನಿಜ. ಬಾಟಲಿ ಹಾಕಿದರೆ ಅದು ಹೆಚ್ಚಾಗುವ ಸಂಭವವಿದೆ. ಮಗ ಹಸಿವು ನೀಗಿಸುತ್ತೇನೆ ಎಂದುಕೊಂಡಿದ್ದರು, ಅಮ್ಮನಿಗೆ ಉಸಿರಾಡುವುದು ಕಷ್ಟವಾಗುತ್ತಿತ್ತು.

ಇನ್ನು ಹಸಿವಿನ ಮಾತು. ಇದನ್ನು ಒಂದೇ ಮನೆಯಲ್ಲಿ ನಾಲ್ಕು ಸಲ ಹೇಳಿದ್ದೂ ಇದೆ, ಇಲ್ಲಿ ಎರಡು ಸಲವಾದರೂ ಹೇಳುತ್ತೇನೆ. ಅಮ್ಮ ಊಟ ಬಿಟ್ಟದ್ದರಿಂದ ಸಾಯುತ್ತಿಲ್ಲ. ಸಾವು ಹತ್ತಿರ ಬಂದದ್ದರಿಂದ ಊಟ ಬಿಟ್ಟಿದ್ದಾರೆ. ಕ್ಯಾನ್ಸರ್ ಹಬ್ಬಿದ ದೇಹದಲ್ಲಿ ಉರಿಯೂತದ ರಾಸಾಯನಿಕಗಳು ಹಸಿವನ್ನು ಅಡಗಿಸುತ್ತವೆ, ಸ್ನಾಯುವನ್ನು ಕರಗಿಸುತ್ತವೆ, ಒಳಗೆ ಹೋದ ಅನ್ನವನ್ನೂ ಬಳಸಿಕೊಳ್ಳಲು ಬಿಡುವುದಿಲ್ಲ. ಕರುಳು ನಿಧಾನವಾಗುತ್ತದೆ. ತಿನ್ನದ ದೇಹ ತನ್ನ ಕೊಬ್ಬನ್ನು ಉರಿಸುವಾಗ ಹುಟ್ಟುವ ಕೀಟೋನುಗಳು ಹಸಿವನ್ನು ಇನ್ನಷ್ಟು ಮಂಕು ಮಾಡುತ್ತವೆ. ನೀವು ಏಕಾದಶಿಯ ದಿನ ಸಂಜೆ ನಾಲ್ಕಕ್ಕೆ ಪಡುವ ಸಂಕಟವನ್ನು ಅವರ ಹೊಟ್ಟೆಯೊಳಗೆ ಊಹಿಸಿಕೊಳ್ಳಬೇಡಿ, ಅಲ್ಲಿ ಅದು ಇಲ್ಲ. ಎಚ್ಚರ ಇರುವ ರೋಗಿಗಳನ್ನು ನಾನು ಪ್ರತಿಸಲ ಕೇಳುತ್ತೇನೆ. ಹಸಿವು ಎಂದವರು ಬಹಳ ಕಡಿಮೆ. "ಬಾಯಿ ಒಣಗ್ತದೆ" ಎನ್ನುವವರೇ ಹೆಚ್ಚು.

ಬಾಯಿ ಒಣಗುವುದಕ್ಕೂ ನಾಳದಲ್ಲಿ ಹರಿಸುವ ನೀರಿಗೂ ಸಂಬಂಧ ಬಹಳ ಸಡಿಲ. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಸ್ಪಿಸ್ ಆರೈಕೆಯಲ್ಲಿದ್ದ, ಅಂದರೆ ಕೊನೆಗಾಲದ ಆರೈಕೆಯಲ್ಲಿದ್ದ, 129 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದು ಲೀಟರ್ ಸಲೈನ್, ಇನ್ನೊಂದಕ್ಕೆ ಬರಿಯ 100 ಮಿಲಿ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಸುಸ್ತು, ಮಂಪರು, ಭ್ರಮೆ ಇವುಗಳಲ್ಲೂ ವ್ಯತ್ಯಾಸ ಕಾಣಲಿಲ್ಲ, ಬದುಕಿದ ದಿನಗಳಲ್ಲೂ ಕಾಣಲಿಲ್ಲ. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಯಿತು ಎನ್ನಲಾರೆ. ಆದರೆ ನಾನು ಮನೆಗಳಲ್ಲಿ ನೋಡಿದ್ದೂ ಇದಕ್ಕೆ ಹೊಂದುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಇದನ್ನು ಓದಿ ನಾಳೆ ಬೆಳಿಗ್ಗೆ ಯಾರದೋ ಡ್ರಿಪ್ ಕೀಳಬೇಡಿ. ವಾಂತಿಭೇದಿಯಾಗಿ ಸೊರಗಿದವರಿಗೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಂಕಾದವರಿಗೆ, ನೀರಿನಂಶ ಕಡಿಮೆಯಾಗಿ ಮಾರ್ಫಿನ್ ದೇಹದಲ್ಲೇ ಉಳಿದು ಬೆಚ್ಚಿಬೀಳುತ್ತಿರುವವರಿಗೆ, ಕರುಳು ಕಟ್ಟಿಕೊಂಡವರಿಗೆ ಬಾಟಲಿ ನಿಜಕ್ಕೂ ಉಪಕಾರ ಮಾಡಬಹುದು. ಕ್ಯಾನ್ಸರ್ ಇದ್ದೂ ನಿನ್ನೆಯವರೆಗೆ ತೋಟ ಸುತ್ತಿದವರು ಇವತ್ತು ಜ್ವರದಿಂದ ಮಲಗಿದರೆ ಅದು ಬೇರೆಯೇ ಕಥೆ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಅನುಮಾನವಿದ್ದಾಗ ನಾನೇ ಒಂದೆರಡು ದಿನ ಗಡುವು ಇಟ್ಟು, ಚರ್ಮದಡಿಗೆ ಸಣ್ಣ ಸೂಜಿ ಹಾಕಿ, ರಾತ್ರಿಯಿಡೀ ನಿಧಾನಕ್ಕೆ ನೀರು ಬಿಟ್ಟು ನೋಡುತ್ತೇನೆ. ಉಪಯೋಗ ಕಂಡರೆ ಮುಂದುವರಿಸುತ್ತೇನೆ, ಇಲ್ಲದಿದ್ದರೆ ನಿಲ್ಲಿಸುತ್ತೇನೆ. ತಿಂಗಳುಗಳಿಂದ ಇಳಿಯುತ್ತ ಬಂದು, ಹಾಸಿಗೆ ಬಿಟ್ಟೇಳದೆ, ದಿನದ ಹೆಚ್ಚು ಹೊತ್ತು ನಿದ್ದೆಯಲ್ಲೇ ಇದ್ದು, ಗುಟುಕು ನುಂಗಲೂ ಆಗದೆ ಇರುವವರ ಬಗ್ಗೆ ಮಾತ್ರ ನಾನು ಇಲ್ಲಿ ಹೇಳುತ್ತಿರುವುದು. ಇವರು ಅವರೋ ಅಲ್ಲವೋ ಎಂಬುದನ್ನು ನೋಡಿದ ವೈದ್ಯರೇ ಹೇಳಬೇಕು.

"ಊಟ ಬಿಟ್ಟಿದ್ದಾರೆ" ಎಂದು ಫೋನು ಬಂದರೆ ನಾನು ಹೋಗಿ ಮೊದಲು ಮಾಡುವುದು ಟಾರ್ಚ್ ಹಿಡಿದು ಬಾಯಿ ನೋಡುವುದು. ನಾಲಿಗೆಯ ಮೇಲೆ ಮೊಸರಿನ ಹೆಪ್ಪಿನಂಥ ಬಿಳಿ ಪದರ ಇದ್ದರೆ ಅದು ಫಂಗಸ್, ಔಷಧಿಗೆ ಬಗ್ಗುತ್ತದೆ. ಆಮೇಲೆ ಮಲವಾಗಿ ಎಷ್ಟು ದಿನವಾಯಿತು ಎಂದು ಕೇಳುತ್ತೇನೆ. ಒಂಬತ್ತು ದಿನ ಎಂದ ಮನೆಯೂ ಇದೆ! ಒಂಬತ್ತು ದಿನ ಮಲವಾಗದವರಿಗೆ ಯಾರು ಎಷ್ಟು ಪ್ರೀತಿಯಿಂದ ಗಂಜಿ ಕುಡಿಸಿದರೂ ಇಳಿಯುತ್ತದೆಯೇ? ಸಡಿಲವಾದ ಹಲ್ಲಿನ ಸೆಟ್, ಹೇಳಿಕೊಳ್ಳದ ನೋವು, ಹೊಟ್ಟೆ ತೊಳಸುವಿಕೆ, ಮನಸ್ಸಿನ ಕುಗ್ಗು ಇವೆಲ್ಲ ಸರಿಪಡಿಸಬಹುದಾದವು. ಬಾಟಲಿ ಹಾಕಿಸಿದ ಬಹಳಷ್ಟು ಮನೆಗಳಲ್ಲಿ ಇವನ್ನು ಯಾರೂ ನೋಡಿರುವುದಿಲ್ಲ. ನನಗೆ ಸಿಟ್ಟು ಬರುವುದು ಆಗ. ಮನೆಯವರ ಮೇಲಲ್ಲ, ಬಾಟಲಿ ಏರಿಸಿ ಹಣ ತೆಗೆದುಕೊಂಡು, ಬಾಯಿ ತೆರೆಸಿಯೂ ನೋಡದೆ ಹೋದವರ ಮೇಲೆ.

ಮೂಗಿನ ನಳಿಕೆಯ ವಿಷಯವೂ ಇದರ ಬೆನ್ನಿಗೇ ಬರುತ್ತದೆ. ಮರೆವಿನ ಕಾಯಿಲೆ ಬಲಿತು ನುಂಗುವುದನ್ನೇ ಮರೆತ ಅಜ್ಜಿಗೆ ನಳಿಕೆ ಹಾಕುತ್ತಾರೆ. ಅವರು ಅದನ್ನು ಕೀಳುತ್ತಾರೆ. ಮತ್ತೆ ಹಾಕಿ, ಈ ಸಲ ಎರಡೂ ಕೈಗಳನ್ನು ಹಳೆಯ ಪಂಚೆಯ ತುಂಡಿನಿಂದ ಮಂಚಕ್ಕೆ ಕಟ್ಟುತ್ತಾರೆ. ಮಕ್ಕಳೇ ಕಟ್ಟುತ್ತಾರೆ, ಕಟ್ಟಿ ಹೊರಗೆ ಬಂದು ಅಳುತ್ತಾರೆ. ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಬಲಿತ ಮರೆವಿನ ಕಾಯಿಲೆಯಲ್ಲಿ ನಳಿಕೆ ಬೇಡ, ಕೈಯಿಂದಲೇ ತಿನ್ನಿಸಿ ಎಂದು 2014ರಲ್ಲೇ ಸ್ಪಷ್ಟವಾಗಿ ಹೇಳಿದೆ. ನಳಿಕೆಯಿಂದ ಆಯಸ್ಸು ಹೆಚ್ಚುತ್ತದೆ, ಅನ್ನ ಶ್ವಾಸನಾಳಕ್ಕೆ ಹೋಗುವುದು ತಪ್ಪುತ್ತದೆ ಎಂಬ ನಂಬಿಕೆಗೆ ಒಳ್ಳೆಯ ಆಧಾರ ಸಿಕ್ಕಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಸಣ್ಣ ಚಮಚೆಯಲ್ಲಿ, ಅವರು ಬೇಕೆಂದಷ್ಟು ಕೊಡಿ. ಬಾಯಿ ಮುಚ್ಚಿಕೊಂಡರೆ ಅದು ಅವರ ಉತ್ತರ. ನಮ್ಮಲ್ಲಿ ಕೈತುತ್ತು ಎಂಬ ಮಾತಿದೆಯಲ್ಲ, ಅದೇ.

ಅನ್ನದ ಜೊತೆ ನಮಗಿರುವ ನಂಟು ಗೊತ್ತಿದ್ದೇ ಇದನ್ನೆಲ್ಲ ಹೇಳುತ್ತಿದ್ದೇನೆ. ದಾರಿಯಲ್ಲಿ ಸಿಕ್ಕವರನ್ನೂ "ಊಟ ಆಯ್ತಾ" ಎಂದೇ ಮಾತಾಡಿಸುವ ಜನ ನಾವು. ಅಮ್ಮನಿಗೆ ಊಟ ಬೇಡ ಎಂದರೆ ಮಗನಿಗೆ ಪ್ರೀತಿ ತೋರಿಸುವ ದಾರಿಯೇ ಮುಚ್ಚಿದಂತೆ. ನ್ಯೂಜೆರ್ಸಿಯಿಂದ ವಿಡಿಯೋ ಕಾಲ್ ಮಾಡುವ ಮಗಳಿಗೆ ಬಾಟಲಿ ಕಾಣಿಸಿದರೆ "ಏನೋ ನಡೀತಿದೆ" ಎಂಬ ಸಮಾಧಾನ, ಕಾಣಿಸದಿದ್ದರೆ ಇಲ್ಲಿ ಹಗಲೂ ರಾತ್ರಿ ಮಲಮೂತ್ರ ಬಳಿಯುತ್ತಿರುವ ಅತ್ತಿಗೆಯ ಮೇಲೆ ಸಿಟ್ಟು. ಅಂಥ ಕಡೆ ನಾನು ಫೋನನ್ನು ಕೈಗೆ ತೆಗೆದುಕೊಂಡು ನಾನೇ ಮಾತಾಡುತ್ತೇನೆ. ಅರ್ಧ ಗಂಟೆ ಹೋಗುತ್ತದೆ, ಹೋಗಲಿ. ಆ ಅತ್ತಿಗೆ ಮುಂದಿನ ಮೂವತ್ತು ವರ್ಷ "ಅಮ್ಮನನ್ನು ಉಪವಾಸ ಕೆಡವಿದಳು" ಎಂಬ ಮಾತು ಹೊತ್ತು ಬದುಕಬಾರದು.

ಹಿಂದಿನವರು ಏನು ಮಾಡುತ್ತಿದ್ದರು? "ಅನ್ನನೀರು ಬಿಟ್ಟರು" ಎಂದು ಸುದ್ದಿ ಹೋದರೆ ನೆಂಟರು ಹೊರಟು ಬರುತ್ತಿದ್ದರು. ಸಾವಿನ ಗುರುತು ಅದು ಎಂದು ಆ ಮಾತಿನಲ್ಲೇ ಇದೆ. ಬಂದವರು ಒಂದು ಚಮಚ ತುಳಸಿ ನೀರು ಬಾಯಿಗೆ ಬಿಡುತ್ತಿದ್ದರು. ಒಂದು ಚಮಚ, ಬಿಂದಿಗೆಯಲ್ಲ. ನುಂಗಲಾಗದವರಿಗೆ ಆ ಚಮಚವೂ ಕೆಮ್ಮು ತರಿಸಬಹುದು, ತುಟಿಗೆ ಸವರಿದರೆ ಸಾಕು.

ಕಾನೂನಿನ ಭಯ ಇನ್ನೊಂದು. "ಡ್ರಿಪ್ ಹಾಕದಿದ್ದರೆ ಕೇಸಾಗ್ತದಾ?" ಎಂದು ಕೇಳುತ್ತಾರೆ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು, 2023ರ ಜನವರಿಯಲ್ಲಿ ಅದರ ವಿಧಾನಗಳನ್ನು ಸರಳ ಮಾಡಿತು. ಕೊನೆಗಾಲದಲ್ಲಿ ತಮಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಈಗ ಮ್ಯಾಜಿಸ್ಟ್ರೇಟರ ಸಹಿ ಬೇಡ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ವೆಂಟಿಲೇಟರಿನಂಥ ಜೀವಾಧಾರ ಚಿಕಿತ್ಸೆಯನ್ನು ಆಸ್ಪತ್ರೆಯಲ್ಲಿ ಹಿಂತೆಗೆಯಲು ಎರಡು ವೈದ್ಯ ಮಂಡಳಿಗಳ ಒಪ್ಪಿಗೆಯ ಕ್ರಮ ಅದರಲ್ಲಿದೆ. ಪತ್ರಿಕೆಗಳಲ್ಲಿ "ದಯಾಮರಣ" ಎಂದು ಬಂದು ಜನ ಗಾಬರಿಯಾದರು. ಸೂಜಿ ಚುಚ್ಚಿ ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಮಲಗಿರುವ, ನುಂಗಲಾಗದ, ಕೊನೆಯ ದಿನಗಳಲ್ಲಿರುವವರಿಗೆ ಉಪಯೋಗವಿಲ್ಲದ ಬಾಟಲಿ ಬೇಡ ಎನ್ನುವುದು ನನ್ನ ಮಟ್ಟಿಗೆ ಚಿಕಿತ್ಸೆಯ ತೀರ್ಮಾನ. ಅದನ್ನು ಮನೆಯವರ ಜೊತೆ ಮಾತಾಡಿ, ಬರೆದು ಇಡುತ್ತೇನೆ. ನಿಮ್ಮ ವೈದ್ಯರಿಗೂ ಬರೆದುಕೊಡಲು ಹೇಳಿ. ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಹಾಸ್ಪಿಸ್ ಇದೆ, ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ಮಣಿಪಾಲದಲ್ಲೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಉಪಶಾಮಕ ಆರೈಕೆಯ ವಿಭಾಗಗಳಿವೆ. ಜಿಲ್ಲೆಗಳಲ್ಲಿ ಇಂಥದ್ದು ಇನ್ನೂ ಬೇಕು, ಬಹಳ ಬೇಕು.

ಬಾಟಲಿಯ ಬದಲು ಏನು ಮಾಡಬೇಕು ಎನ್ನುವುದನ್ನು ಮಾತ್ರ ವಿವರವಾಗಿ ಹೇಳಿಬಿಡುತ್ತೇನೆ. ಮೆತ್ತಗಿನ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ನೀರಲ್ಲಿ ಅದ್ದಿ, ಹಿಂಡಿ, ಒಸಡು, ಕೆನ್ನೆಯ ಒಳಭಾಗ, ನಾಲಿಗೆ ಒರೆಸಿ. ಗಂಟೆಗೊಮ್ಮೆ, ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಅರ್ಧ ಗಂಟೆಗೊಮ್ಮೆ. ತುಟಿಗೆ ಕೊಬ್ಬರಿ ಎಣ್ಣೆಯೋ ತುಪ್ಪವೋ ತೆಳ್ಳಗೆ. ಹಲ್ಲಿನ ಸೆಟ್ ತೆಗೆದಿಡಿ. ಗೊರಗೊರ ಎಂದರೆ ಪಕ್ಕಕ್ಕೆ ಹೊರಳಿಸಿ ತಲೆ ಸ್ವಲ್ಪ ಎತ್ತರಿಸಿ. ಅದಕ್ಕೆ ಇಂಜೆಕ್ಷನ್ನೂ ಇದೆ, ವೈದ್ಯರನ್ನು ಕೇಳಿ. ನೀರೇ ಆಗಬೇಕೆಂದಿಲ್ಲ. ಕೊಪ್ಪದ ಕಡೆಯ ಒಬ್ಬ ಹಿರಿಯರು ನೀರು ಕಂಡರೆ ಮುಖ ತಿರುಗಿಸುತ್ತಿದ್ದರು. ಸೊಸೆ ಬಟ್ಟೆಯನ್ನು ಕಾಫಿಯಲ್ಲಿ ಅದ್ದಿ ತುಟಿಗಿಟ್ಟರೆ ಚೀಪತೊಡಗಿದರು. ಎರಡು ದಿನ ಅವರ ಬಾಯಿಗೆ ಕಾಫಿಯೇ.

ಆಗುಂಬೆ ದಾರಿಯ ಮನೆಯಲ್ಲಿ ಇದನ್ನೆಲ್ಲ ಹೇಳಲು ಒಂದೂವರೆ ಗಂಟೆ ಹಿಡಿಯಿತು. ಬಾಳೆಹಣ್ಣಿನ ಲೆಕ್ಕವನ್ನು ಮಗ ಎರಡು ಸಲ ಕೇಳಿಸಿಕೊಂಡರು. ಅವರು ಸೊಸೈಟಿಯಲ್ಲಿ ಲೆಕ್ಕ ಬರೆಯುವವರು. ಕೊನೆಗೆ ತಾವೇ ಕೊಳವೆಯ ಚಕ್ರ ತಿರುಗಿಸಿ ನಿಲ್ಲಿಸಿದರು, ನಾನು ಸೂಜಿ ತೆಗೆದೆ, ಬಳೆಯನ್ನು ಕತ್ತರಿಸಿ ಬಿಡಿಸಿದೆವು. "ಹಾಗಾರೆ ನಾ ಈಗ ಎಂತ ಮಾಡ್ಲಿ?" ಎಂದರು. ಬಟ್ಟಲು, ಬಟ್ಟೆ ಕೈಗೆ ಕೊಟ್ಟು, ಬಾಯಿ ಒರೆಸುವುದನ್ನು ತೋರಿಸಿಕೊಟ್ಟು ಬಂದೆ.

ಮೂರನೆಯ ದಿನ ಫೋನು ಬಂತು. ಹೋದಾಗ ಅಮ್ಮನನ್ನು ಜಗಲಿಗೆ ತಂದಾಗಿತ್ತು. ಬಾವು ಪೂರ್ತಿ ಇಳಿದಿರಲಿಲ್ಲ. ಉಸಿರಿನ ಶಬ್ದ ಕೊನೆಯ ರಾತ್ರಿ ಕಡಿಮೆಯಾಗಿತ್ತಂತೆ. ಮಗ ಕ್ಯಾಲೆಂಡರಿನ ಹಿಂಬದಿಯ ಹಾಳೆ ತಂದು ತೋರಿಸಿದರು. ಬಾಯಿ ಒರೆಸಿದ ಹೊತ್ತುಗಳನ್ನೆಲ್ಲ ಸಾಲಾಗಿ ಬರೆದಿದ್ದರು. ರಾತ್ರಿ 11.30, 12.00, 12.30, 1.10. ಒಂದು ಕಡೆ "ನಾಲಿಗೆ ಆಡಿಸಿದರು" ಎಂದು ಬರೆದಿತ್ತು. ಕೊನೆಯ ಸಾಲು 4.10. ನೋಡಿ ವಾಪಸು ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಪಂಚಾಂಗದೊಳಗೆ ಇಟ್ಟುಕೊಂಡರು.