ಒತ್ತುವುದು ಸ್ನಾಯುವನ್ನು, ಒಪ್ಪುವುದು ನರ

ಕಾರ್ತಿಕದ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಅಡಿಕೆ ಸುಲಿತ ಜೋರಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತವರು ತಲೆ ಎತ್ತುವುದು ಕಡಿಮೆ. ಕೂಲಿ ಡಬ್ಬದ ಲೆಕ್ಕದಲ್ಲಿ, ಹಾಗಾಗಿ ನಡುವೆ ಏಳುವುದೂ ಕಡಿಮೆ. ಮನುಷ್ಯನ ತಲೆ ಸುಮಾರು 5 ಕಿಲೊ ತೂಗುತ್ತದೆ. ನೆಟ್ಟಗೆ ಕೂತಾಗ ಆ ಭಾರದ ಹೆಚ್ಚಿನ ಪಾಲನ್ನು ಕತ್ತಿನ ಮೂಳೆಗಳು ಹೊರುತ್ತವೆ. ಮುಂದಕ್ಕೆ ಬಾಗಿದರೆ ಕತ್ತಿನ ಹಿಂಬದಿಯ, ಹೆಗಲ ಮೇಲಿನ ಸ್ನಾಯುಗಳು ಹಗ್ಗದ ಹಾಗೆ ಬಿಗಿದು ಅದನ್ನು ಹಿಡಿದುಕೊಂಡಿರಬೇಕು. ವಾರ ಎರಡು ವಾರದಲ್ಲಿ ಕತ್ತಿಗೂ ಹೆಗಲಿಗೂ ನಡುವೆ ಒಂದು ಜಾಗ ನೋಯತೊಡಗುತ್ತದೆ. ಹೆಬ್ಬೆರಳಿಟ್ಟರೆ ಹುಣಸೆಬೀಜದಷ್ಟು ಗಟ್ಟಿ ಸಿಗುತ್ತದೆ, ಒತ್ತಿದರೆ ನೋವು ಕಿವಿಯ ಹಿಂದಿನವರೆಗೂ ಹರಿಯುತ್ತದೆ. ಶಿವಮೊಗ್ಗದ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೂ ಅದೇ ಜಾಗ, ಅದೇ ನೋವು. ಯಾರಾದರೂ ಗಟ್ಟಿಯಾಗಿ ತಿಕ್ಕಿ ಆ ಗಂಟು ಒಡೆದರೆ ಸರಿಹೋಗುತ್ತೆ ಎಂದುಕೊಂಡೇ ಬಹಳ ಮಂದಿ ಮೊದಲ ಸಲ ಮಸಾಜ್‌ಗೆ ಹೋಗುತ್ತಾರೆ.

ಒಡೆಯಲಿಕ್ಕೆ ಅಲ್ಲಿ ಗಂಟು ಇರುವುದಿಲ್ಲ. ಹೆಬ್ಬೆರಳಿಗೆ ಸಿಗುವುದು ಬಿಗಿದುಕೊಂಡ ಸ್ನಾಯು ಮತ್ತು ಅಲ್ಲಿ ಸಣ್ಣ ಒತ್ತಡಕ್ಕೂ ಕಿರುಚುವಷ್ಟು ಸೂಕ್ಷ್ಮವಾಗಿಬಿಟ್ಟ ನರತುದಿಗಳು. ಈ ಬಿಗಿತ ಹೇಗೆ ಹುಟ್ಟುತ್ತದೆ ಎಂಬುದರಲ್ಲಿ ಸಂಶೋಧಕರಿಗೆ ಇನ್ನೂ ಒಮ್ಮತವಿಲ್ಲ. ಒತ್ತಿದಾಗ ಅದು ಸಡಿಲವಾಗುವುದಂತೂ ಹೌದು, ಆದರೆ ಪುಡಿಯಾಗಿ ಅಲ್ಲ. ಬೆನ್ನುಹುರಿ ಮತ್ತು ಮಿದುಳು ಆ ಸ್ನಾಯುವಿಗೆ ಕೊಡುತ್ತಿದ್ದ ‘ಹಿಡಿದಿರು’ ಎಂಬ ಆಜ್ಞೆಯನ್ನು ತಗ್ಗಿಸುತ್ತವೆ, ಸ್ನಾಯು ಬಿಡುತ್ತದೆ.

ಮೊಣಕೈ ಬಾಗಿಲಿಗೆ ಬಡಿದರೆ ಕೈ ತಾನಾಗಿ ಹೋಗಿ ಅಲ್ಲಿ ಉಜ್ಜುತ್ತದೆ. ಅದು ಬರೀ ಅಭ್ಯಾಸವಲ್ಲ. ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಅದನ್ನು ವಿವರಿಸುತ್ತದೆ. ಸ್ಪರ್ಶ, ಒತ್ತಡದ ಸುದ್ದಿ ತರುವ ನರತಂತುಗಳು ದಪ್ಪ, ವೇಗ ಹೆಚ್ಚು. ನೋವಿನ ಸುದ್ದಿ ತರುವವು ಸಣ್ಣವು, ನಿಧಾನ. ದಪ್ಪ ತಂತುಗಳ ಸುದ್ದಿ ಧಾರಾಳವಾಗಿ ಬರುತ್ತಿದ್ದರೆ ಬೆನ್ನುಹುರಿಯಲ್ಲಿ ನೋವಿನ ದಾರಿ ಅಷ್ಟರಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಸಿದ್ಧಾಂತದ ವಿವರಗಳು ಆಮೇಲೆ ಬದಲಾಗಿವೆ, ತಿರುಳು ಉಳಿದಿದೆ. ಇದಲ್ಲದೆ, ರೋಮವಿರುವ ಚರ್ಮದಲ್ಲಿ ಮೆಲ್ಲನೆಯ ನೇವರಿಕೆಗೆಂದೇ ಇರುವ ಇನ್ನೊಂದು ಬಗೆಯ ನರತಂತುಗಳಿವೆ. ಕೈ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸರಿದರೆ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಅದಕ್ಕಿಂತ ಬಿರುಸಾದರೆ ಮಂಕಾಗುತ್ತವೆ. ಮಣಿಕಟ್ಟಿನಿಂದ ಮೊಣಕೈವರೆಗೆ ನೀವಲು ಐದಾರು ಸೆಕೆಂಡು ತೆಗೆದುಕೊಳ್ಳುವ ಥೆರಪಿಸ್ಟ್ ಹೊತ್ತು ಕಳೆಯುತ್ತಿಲ್ಲ, ಸರಿಯಾಗಿ ಮಾಡುತ್ತಿದ್ದಾರೆ.

ಮಸಾಜ್ ಮೈಯ ವಿಷವನ್ನು ಹೊರಹಾಕುತ್ತದೆ, ಲ್ಯಾಕ್ಟಿಕ್ ಆಸಿಡ್ ಹಿಂಡಿ ತೆಗೆಯುತ್ತದೆ ಎಂಬ ಮಾತು ಬೋರ್ಡುಗಳಲ್ಲಿ ಕಾಣಿಸುತ್ತದೆ. ಎರಡೂ ತಪ್ಪು. ಬೇಡದ್ದನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ದುಡಿದ ಸ್ನಾಯುವಿನ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಮೈಯಲ್ಲಿರುವ ರೂಪ) ಒಂದೆರಡು ಗಂಟೆಯೊಳಗೆ ತಾನಾಗಿ ಕರಗುತ್ತದೆ, ಮರುದಿನದ ನೋವಿಗೆ ಅದು ಕಾರಣವೇ ಅಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11 ಯುವಕರನ್ನು ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದೇ ಕಾಲಿಗೆ 10 ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಲ್ಯಾಕ್ಟೇಟ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಮಾತ್ರ ಕಡಿಮೆ ಇದ್ದವು. 11 ಜನರ ಅಧ್ಯಯನ ಚಿಕ್ಕದು, ಅದನ್ನು ಅಷ್ಟಕ್ಕೇ ನೆಚ್ಚಬೇಕು. ಬೆನ್ನುನೋವಿನ ಬಗ್ಗೆ ಆಗಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಿಗುವ ಚಿತ್ರವೂ ಇಂಥದೇ: ಕೆಲಕಾಲ ನೋವು ಇಳಿಯುತ್ತದೆ, ತಿಂಗಳುಗಟ್ಟಲೆ ನಿಲ್ಲುವುದಿಲ್ಲ, ಪುರಾವೆಯೂ ಬಹಳ ಬಲವಾದದ್ದಲ್ಲ. ಆ ನೋವಿಲ್ಲದ ಒಂದೆರಡು ದಿನ ದೊಡ್ಡ ಅವಕಾಶ. ಕತ್ತು, ಹೆಗಲು ಬಿಡಿಸಿಕೊಂಡು ವ್ಯಾಯಾಮ ಶುರುಮಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ನರ ಒಪ್ಪಬೇಕು ಎಂದಮೇಲೆ ಒತ್ತಡದ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಹಲ್ಲು ಕಚ್ಚಿ ಸಹಿಸಿದಷ್ಟೂ ಗುಣ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಸಹಿಸಲಾರದಷ್ಟು ಒತ್ತಿದಾಗ ಮೈ ಅದನ್ನು ಪೆಟ್ಟು ಎಂದೇ ಓದುತ್ತದೆ, ಸ್ನಾಯು ಇನ್ನಷ್ಟು ಬಿಗಿಯುತ್ತದೆ. ನೋವನ್ನು ಸೊನ್ನೆಯಿಂದ 10ರವರೆಗೆ ಅಳೆದರೆ 5, ಹೆಚ್ಚೆಂದರೆ 6ರ ಹತ್ತಿರ ನಿಲ್ಲಬೇಕು: ನೋವಿದೆ, ಆದರೆ ಹಿತವಾಗಿದೆ, ಉಸಿರು ಸರಾಗ. ಉಸಿರು ಕಟ್ಟಿದರೆ, ಕಾಲ್ಬೆರಳು ಮುದುಡಿದರೆ, ಮುಷ್ಟಿ ಬಿಗಿದರೆ ಮಿತಿ ಮೀರಿದೆ ಎಂದರ್ಥ. ಕೈಗೋ ಕಾಲಿಗೋ ಕರೆಂಟ್ ಹೊಡೆದ ಹಾಗೆ ಜುಮ್ಮೆಂದರೆ, ಜೋಮು ಹಿಡಿದರೆ ಒತ್ತುತ್ತಿರುವುದು ನರದ ಮೇಲೆ. ಆ ಕ್ಷಣವೇ ಹೇಳಿ. ಥೆರಪಿಸ್ಟ್‌ಗೆ ನಿಮ್ಮ ಚರ್ಮ ಮುಟ್ಟಲು ಸಿಗುತ್ತದೆ, ನಿಮ್ಮ ನೋವು ಸಿಗುವುದಿಲ್ಲ. ದಾಕ್ಷಿಣ್ಯಕ್ಕೆ ಸುಮ್ಮನಿದ್ದು ಮರುದಿನ ಬೆನ್ನೆಲ್ಲ ಕಂದುಗಟ್ಟಿಸಿಕೊಂಡವರು ಬೇಕಾದಷ್ಟು ಜನ.

ಒಂದು ಗಂಟೆಯ ಅವಧಿಯಲ್ಲಿ ಮೊದಲ ಐದು ಹತ್ತು ನಿಮಿಷ ಮಾತಿಗೇ ಹೋಗಬೇಕು. ಏನೂ ಕೇಳದೆ ನೇರ ಮಲಗಿಸುವ ಕಡೆ ಮಲಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಬಿಪಿ, ಹಿಂದೆ ಆದ ಆಪರೇಷನ್, ಸವೆದ ಮೂಳೆ, ಬಸಿರು, ಎಳ್ಳು ಅಥವಾ ಕಾಯಿಯ ಅಲರ್ಜಿ ಎಲ್ಲವನ್ನೂ ಅವರು ಕೇಳದಿದ್ದರೂ ನೀವೇ ಹೇಳಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳಿಯೇ ಹೋಗಬೇಕು. ಊಟವಾಗಿ ಎರಡು ಗಂಟೆಯಾದರೂ ಆಗಿರಲಿ. ಅಜೀರ್ಣವಾದವರಿಗೆ ಅಭ್ಯಂಗ ಬೇಡ ಎಂದು ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯವೂ ಹೇಳುತ್ತದೆ. ಬಟ್ಟೆ ಎಷ್ಟು ತೆಗೆಯಬೇಕು ಎಂಬುದು ನಿಮ್ಮ ತೀರ್ಮಾನ. ಕೆಲಸ ನಡೆಯುತ್ತಿರುವ ಭಾಗ ಬಿಟ್ಟು ಉಳಿದದ್ದು ಟವೆಲ್ ಅಡಿ ಇರುವುದೇ ಕ್ರಮ. ಯಾರು ಮಾಡುತ್ತಾರೆ, ಅವರ ತರಬೇತಿ ಏನು, ಮೇಲ್ವಿಚಾರಣೆಗೆ ಫಿಸಿಯೊಥೆರಪಿಸ್ಟ್ ಅಥವಾ ಆಯುರ್ವೇದ ವೈದ್ಯರು ಇದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಒಂದನ್ನು ನೋಡಬೇಕು: ಟವೆಲ್ ಒಣಗಿದೆಯೇ? ವಾರಗಟ್ಟಲೆ ಬಿಸಿಲಿಲ್ಲದ ಊರಲ್ಲಿ ಒದ್ದೆ ಬಟ್ಟೆಯಿಂದ ಗಜಕರ್ಣ ಒಬ್ಬರಿಂದೊಬ್ಬರಿಗೆ ಸುಲಭವಾಗಿ ದಾಟುತ್ತದೆ.

ಎಣ್ಣೆಯ ಕೆಲಸ ಕೈ ಜಾರಿಸುವುದು, ಚರ್ಮ ಉಜ್ಜಿಹೋಗದಂತೆ ಕಾಯುವುದು. ಇಡೀ ಮೈಗೆ 30ರಿಂದ 50 ಮಿಲಿಲೀಟರ್ ಸಾಕು. ಜಾಸ್ತಿಯಾದರೆ ಬೆರಳು ಜಾರಿ ಹಿಡಿತವೇ ಸಿಗುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಪುಷ್ಯದ ಚಳಿಯಲ್ಲಿ ಎಳ್ಳೆಣ್ಣೆಯೇ ಅನುಕೂಲ. ಬಟ್ಟಲನ್ನು ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಅರಿವು ಕುಂದಿದವರಿಗೆ ಬಿಸಿ ಗೊತ್ತೇ ಆಗುವುದಿಲ್ಲ, ಸುಟ್ಟ ಗುಳ್ಳೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ. ಅಂಥವರ ಎಣ್ಣೆಯ ಬಿಸಿಯನ್ನು ಬೇರೆಯವರೇ ನೋಡಬೇಕು.

ಇನ್ನು ಮಸಾಜ್ ಮಾಡಿಸಲೇಬಾರದ ನೋವುಗಳು. ನಮ್ಮ ಸೀಮೆಯಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಶುರುವಾಗುವುದು ದಿಢೀರ್ ಜ್ವರ, ತಲೆನೋವು, ತಡೆಯಲಾಗದ ಮೈಕೈ ನೋವಿನಿಂದ. ಅದು ಕಾಣಿಸಿಕೊಳ್ಳುವ ಡಿಸೆಂಬರ್‌ನಿಂದ ಮೇವರೆಗಿನ ಕಾಲಕ್ಕೂ ಅಡಿಕೆ ಕೊಯ್ಲು, ಕಾಡಿನ ದರಗು (ಒಣ ಎಲೆ) ಗುಡಿಸುವ ಕಾಲಕ್ಕೂ ನಂಟಿದೆ, ಹಾಗಾಗಿ ‘ಕೆಲಸದ ಮೈನೋವು’ ಎಂದು ತಿಕ್ಕಿಸಿಕೊಳ್ಳುವುದು ಸುಲಭದ ತಪ್ಪು. ಈ ಕಾಯಿಲೆಯಲ್ಲೂ ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿದು ಒತ್ತಿದ ಕಡೆ ಚರ್ಮದಡಿ ರಕ್ತ ಒಸರಬಹುದು. ಜ್ವರ ಇದ್ದರೆ ಮಸಾಜ್ ಇಲ್ಲ, ರಕ್ತಪರೀಕ್ಷೆ. ಮಂಗನ ಕಾಯಿಲೆ ಹರಡುವ ಉಣುಗು ಮೈಗೆ ಕಚ್ಚಿಕೊಂಡಿದ್ದರೆ ಅದರ ಮೇಲೆ ಎಣ್ಣೆ ಸುರಿದು ತಿಕ್ಕದೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು.

ಮೀನಖಂಡದ ನೋವಿಗೂ ಹೀಗೆಯೇ ಹಲವು ಮುಖ. ಗುಡ್ಡ ಹತ್ತಿ ಇಳಿದ ಮರುದಿನ ಎರಡೂ ಕಾಲು ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ, ಹದವಾಗಿ ನೀವಿದರೆ ಹಿತ. ಮಳೆಗಾಲದಲ್ಲಿ ಗದ್ದೆ ಕೆಸರಲ್ಲಿ ದುಡಿದವರಿಗೆ ಜ್ವರ, ಕೆಂಗಣ್ಣಿನ ಜೊತೆ ಮೀನಖಂಡ ಮುಟ್ಟಿದರೂ ನೋಯುತ್ತಿದ್ದರೆ ಇಲಿಜ್ವರದ ಅನುಮಾನ ಬರಬೇಕು. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಬೆಂಗಳೂರಿನಿಂದ ಆರೇಳು ಗಂಟೆ ಬಸ್ಸಿನಲ್ಲಿ ಅಲುಗದೆ ಕೂತು ಬಂದ ಮೇಲೆ, ಅಥವಾ ಆಪರೇಷನ್, ಪ್ಲಾಸ್ಟರ್, ಹೆರಿಗೆಯ ನಂತರ ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತು ರಕ್ತದ ಜೊತೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು, ಜೀವಕ್ಕೇ ಕುತ್ತು. ಆ ಕಾಲನ್ನು ಯಾರಿಗೂ ಮುಟ್ಟಗೊಡದೆ ಆಸ್ಪತ್ರೆಗೆ ಹೋಗಿ.

ಉಳುಕಿಗೆ ತಕ್ಷಣ ತಿಕ್ಕಿಸುವ ರೂಢಿಯನ್ನೂ ಬಿಡಬೇಕು. ಮೊದಲ ಎರಡು ಮೂರು ದಿನ ಒಳಗೆ ಹರಿದ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತಿರುತ್ತವೆ. ತಿಕ್ಕಿದರೆ ಮತ್ತೆ ತೆರೆದು ಊತ ಹೆಚ್ಚುತ್ತದೆ. ಬಿದ್ದು ಮೊಣಕೈಗೆ ಪೆಟ್ಟಾದ ಮಕ್ಕಳಲ್ಲಂತೂ ಇದು ಘೋರ. ಗಾಯಗೊಂಡ ಸ್ನಾಯುವನ್ನು ದಿನವೂ ಎಣ್ಣೆ ಹಾಕಿ ಎಳೆದು ತಿಕ್ಕಿದರೆ ಅಲ್ಲಿ ಮೂಳೆಯೇ ಬೆಳೆದು ಕೈ ಮಡಿಸಲು ಬಾರದಂತೆ ಆಗಿಬಿಡಬಹುದು. ಕಣಕಾಲು ಉಳುಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೊದಲು ಎಕ್ಸ್‌ರೇ.

ಸೆಲೂನಿನಲ್ಲಿ ಕಟಿಂಗ್ ಮುಗಿಸಿ ತಲೆ ತಟ್ಟಿ ಕತ್ತು ಲಟಕ್ ಎನಿಸುವುದನ್ನು ಬೇಡ ಎಂದುಬಿಡಿ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ಪಕ್ಕದ ತೂತುಗಳಲ್ಲಿ ಪೋಣಿಸಿದ ಹಾಗೆ ಹೋಗಿ, ಮೇಲ್ತುದಿಯಲ್ಲಿ ಬಾಗುತ್ತವೆ. ಗಕ್ಕನೆ ತಿರುಚಿದಾಗ ಅವುಗಳ ಒಳಪದರ ಸೀಳಬಹುದು, ಸೀಳಿನಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಪರೂಪ, ಆದರೆ ಆಗುತ್ತದೆ.

ಮಸಾಜ್ ಮುಗಿದಾಗ ತಟ್ಟನೆ ಏಳಬೇಡಿ. ಮೈ ಸಡಿಲಾಗಿ ರಕ್ತದೊತ್ತಡ ತುಸು ಇಳಿದಿರುತ್ತದೆ. ಮೊದಲು ಒಂದು ಮಗ್ಗುಲಿಗೆ ಹೊರಳಿ, ಮಂಡಿ ಮಡಿಸಿ, ಕೈ ಊರಿ ಕೂತುಕೊಂಡು, ಒಂದೆರಡು ನಿಮಿಷ ಕಾಲು ಇಳಿಬಿಟ್ಟಿರಿ. ಕಣ್ಣು ಕತ್ತಲೆ ಬರದಿದ್ದರೆ ನಿಲ್ಲಿ. ಎಣ್ಣೆಗಾಲಲ್ಲಿ ಬಚ್ಚಲಿಗೆ ಹೋಗುವ ಮುಂಚೆ ಪಾದ ಒರೆಸಿಕೊಳ್ಳಿ. ವಯಸ್ಸಾದವರ ತೊಡೆಮೂಳೆ ಮುರಿಯಲು ಒಮ್ಮೆ ಜಾರಿದರೆ ಸಾಕು. ಬೈಕ್ ಹತ್ತುವ ಮುಂಚೆ ಕಾಲು ಗಂಟೆ ಕೂತಿರಿ. ಬಾಯಾರಿದರೆ ನೀರು ಕುಡಿಯಿರಿ. ಒಂದು ದಿನ, ಎರಡು ದಿನ ಮೈ ನಸುನೋಯುವುದು ಉಂಟು. ಅದಕ್ಕೂ ಮೀರಿ ನೋವು ಏರುತ್ತಿದ್ದರೆ, ಕೈಕಾಲಿನ ಬಲ ಕುಂದಿದರೆ, ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ವಾರಕ್ಕೊಂದರಂತೆ ಮೂರು ನಾಲ್ಕು ಸಲ ಆದಮೇಲೂ ನೋವು ಅಷ್ಟೇ ಇದ್ದರೆ ಐದನೆಯದಕ್ಕೆ ದುಡ್ಡು ಕೊಡುವ ಬದಲು ಕಾರಣ ಹುಡುಕುವುದು ಮೇಲು. ಹೆಗಲ ನೋವಿನ ಕಾರಣ ಬಹಳ ಸಲ ಕೂರುವ ಜಾಗದಲ್ಲೇ ಇರುತ್ತದೆ. ಕಂಪ್ಯೂಟರ್ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಮೆಟ್ಟುಗತ್ತಿಯ ಮುಂದೆ ಕೂರುವವರು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತರೆ ಸೊಂಟ ಎತ್ತರವಾಗಿ ಬೆನ್ನು ಅಷ್ಟು ಗೂನಾಗುವುದಿಲ್ಲ. ಡಬ್ಬ ತುಂಬಿದಾಗೆಲ್ಲ ಎದ್ದು ನಿಂತು, ಎರಡೂ ಹೆಗಲನ್ನು ಕಿವಿಯವರೆಗೆ ಎತ್ತಿ, ಹಿಂದಕ್ಕೆ ತಿರುಗಿಸಿ, ಕೆಳಗೆ ಬಿಡಬೇಕು, ನಿಧಾನವಾಗಿ, ಹತ್ತು ಸಲ.